ನಾರ್ವೆಯ ಯಜಮಾನರು

ಹೈಡ್ರುನ್ ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದನ್ನು ಎತ್ತುವಷ್ಟರಲ್ಲಿ ದೋಣಿಯ ಕಪ್ತಾನ ಕೈ ಅಡ್ಡ ಹಿಡಿದ.

"ಸ್ವಲ್ಪ ತಡೀರಿ ಅಮ್ಮಾ. ಈ ಮಂಜಲ್ಲಿ ಹೊರಡೋ ಹಾಗಿಲ್ಲ. ಬಂದರಿನೋರು ಈಗಷ್ಟೇ ಬೇಡ ಅಂದ್ರು."

ಎದೆಗವಚಿಕೊಂಡಿದ್ದ ಗಂಡನ ಫೋಟೋ ಸಮೇತ ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ಸೀಗ್ಮಾರ್ ಆಗಲೇ ದೋಣಿಯೊಳಗಿದ್ದ. ಕ್ಯಾಬಿನ್ನಿನ ಮೇಜಿನ ಮೇಲೆ ನೀಲಿ ಬಣ್ಣದ ಕುಡಿಕೆಯೊಂದರಲ್ಲಿ, ಸುತ್ತ ಬಿಳಿ ಹೂವಿನ ಬಳೆ ಹಾಕಿಸಿಕೊಂಡು ಬೂದಿಯಾಗಿ ಕೂತಿದ್ದ. ಸಮುದ್ರಕ್ಕೆ ಬಿಟ್ಟರೆ ಕರಗಿಹೋಗುವ ಕುಡಿಕೆ ಎಂದು ಕಪ್ತಾನ ಹೇಳಿದ್ದ.

ದಡದ ಮೇಲೆ ಅವಳ ಹಿಂದೆ ನಿಂತಿದ್ದವರು ಮೂರೇ ಜನ. ಟ್ರಾಮ್ ಓಡಿಸುವ ಮಗಳು ಸಿಲ್ಕೆ, ಗಂಡನ ಅಕ್ಕ ಫ್ರೀಡೆ, ಮತ್ತೆ ಹಡಗು ಕಾರ್ಖಾನೆಯಲ್ಲಿ ಸೀಗ್ಮಾರನ ಜೊತೆ ಜೀವಮಾನವೆಲ್ಲ ಪೈಪು ಕೂಡಿಸಿದ ಊವೆ. ಜಾಸ್ತಿ ಜನರನ್ನು ಕರೆಯಬೇಡ ಎಂದು ಸೀಗ್ಮಾರನೇ ಹೇಳಿದ್ದ. ಕರೆದಿದ್ದರೂ ಯಾರು ಬರುತ್ತಿದ್ದರು? ಮಾತು ಕಮ್ಮಿಯ ಮನುಷ್ಯ. ಮದುವೆಯಾದ ಹೊಸದರಲ್ಲಿ ಹೈಡ್ರುನ್ ತನ್ನ ತಾಯಿಗೆ, "ಬಟ್ಟೆ ಬೀರು ಜೊತೆ ಸಂಸಾರ ಮಾಡ್ತಿದೀನಿ ಕಣಮ್ಮಾ, ಬಾಗಿಲು ತೆಗೆದ್ರೆ ಎಲ್ಲ ನೀಟಾಗಿ ಮಡಚಿಟ್ಟಿರತ್ತೆ, ಆದ್ರೆ ಬೀರು ಮಾತಾಡಲ್ಲ," ಎಂದಿದ್ದಳು.

ರೈಲು ನಿಲ್ದಾಣದ ಮಾಡಿನ ಹಿಂದೆ, ಬೆಳಗಿನ ಜಾವವೇ ಬಂದು ನಿಂತ ಪ್ರವಾಸಿ ಹಡಗು ಮಂಜಿನಲ್ಲಿ ಅರ್ಧಕ್ಕರ್ಧ ಕರಗಿಹೋಗಿತ್ತು. ಕೆಳಗಿನ ಎರಡು ಸಾಲು ಕಿಟಕಿಗಳು ಮಾತ್ರ ಯಾವುದಕ್ಕೂ ಅಂಟದೆ ಗಾಳಿಯಲ್ಲಿ ತೇಲುತ್ತಿದ್ದವು. ಅದರಿಂದಿಳಿದ ಜನ ಕಡಲತಡಿಯ ಊರಾದ ವಾರ್ನೆಮ್ಯುಂಡೆಯ ಹಳೇ ಕಾಲುವೆಯುದ್ದಕ್ಕೂ ತುಂಬಿಕೊಂಡಿದ್ದರು. ಎದೆಯ ಮೇಲೆ ಬಣ್ಣದ ಚೀಟಿ, ಕೈಯಲ್ಲಿ ಮಡಚಿದ ನಕ್ಷೆ. ನಾಲ್ಕು ಜನ ಕಪ್ಪು ಬಟ್ಟೆಯವರನ್ನು ಕಂಡು, ಅದೂ ಊರಿನ ಒಂದು ನೋಟವೇನೋ ಎಂಬಂತೆ ಒಬ್ಬ ಫೋಟೋ ತೆಗೆದುಕೊಂಡ.

"ಅಯ್ಯೋ ದೇವ್ರೇ!" ಪಕ್ಕದಲ್ಲಿ ಕಟ್ಟಿದ್ದ ಮೀನು ಬನ್ ಮಾರುವ ದೋಣಿಯ ಕಿಂಡಿಯಿಂದ ಹೆಂಗಸೊಬ್ಬಳು ಕತ್ತು ಚಾಚಿ ಹೈಡ್ರುನ್‌ಳ ಎದೆಯ ಮೇಲಿನ ಫೋಟೋವನ್ನೇ ನೋಡುತ್ತಿದ್ದಳು. "ಇವ್ರು ನಮ್ಮ ನಾರ್ವೆಯ ಯಜಮಾನ್ರಲ್ವಾ?"

ನಾಲ್ವರೂ ತಿರುಗಿದರು.

"ಯಾವ ನಾರ್ವೆ?" ಎಂದಳು ಫ್ರೀಡೆ. "ಇವನು ನನ್ನ ತಮ್ಮ. ಇಲ್ಲೇ ಡೋಬೆರಾನ್‌ನಲ್ಲಿ ಹುಟ್ಟಿದೋನು. ನಾರ್ವೆ ಯಾವ ದಿಕ್ಕಿಗಿದೆ ಅಂತಲೂ ಅವನಿಗೆ ಗೊತ್ತಿರ್ಲಿಲ್ಲ."

ಹೆಂಗಸು ಕೈ ಒರೆಸಿಕೊಳ್ಳುತ್ತ ದಡಕ್ಕೆ ಬಂದಳು. ಅವಳ ಏಪ್ರನ್ನಿನ ಮೇಲೆ 'ಗುಂಡುಲಾ' ಎಂದು ದಾರದಲ್ಲಿ ಹೊಲಿದಿತ್ತು. ಫೋಟೋಗೆ ಮುಖ ಹತ್ತಿರ ತಂದು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ ಹೈಡ್ರುನ್‌ಗೆ ಏನು ಮಾಡಬೇಕೋ ತಿಳಿಯಲಿಲ್ಲ. ಬೆಳಗ್ಗೆಯಿಂದ ತಾನೇ ಇನ್ನೂ ಅತ್ತಿರಲಿಲ್ಲ.

"ಇವ್ರೇ, ಅನುಮಾನವೇ ಇಲ್ಲ. ಹುಬ್ಬಿನ ಮೇಲೆ ಗಾಯದ ಗುರುತು ನೋಡಿ. ಹಡಗಲ್ಲಿ ಬರೋರು. ನಮ್ಮ ಮಾತು ಅಷ್ಟಾಗಿ ಬರ್ತಿರ್ಲಿಲ್ಲ ಪಾಪ. 'ಎರಡು ಬನ್, ದಯವಿಟ್ಟು. ಒಂದು ಈರುಳ್ಳಿ. ಒಂದು ಈರುಳ್ಳಿ ಇಲ್ಲ. ಹೆಂಡತಿ, ಈರುಳ್ಳಿ ಬೇಡ.' ಅಷ್ಟು ಹೇಳೋಕೆ ಎಷ್ಟು ಒದ್ದಾಡೋರು ಗೊತ್ತಾ? ಹೋದ ವರ್ಷ ಹುಷಾರಿಲ್ದೇ ಇದ್ದ ಹಾಗೆ ಕಂಡ್ರು. ಈ ವರ್ಷ ಬರ್ಲೇ ಇಲ್ವಲ್ಲ ಅಂತ ಮೊನ್ನೆ ಕೂಡ ಅಂದ್ಕೊಂಡೆ."

"ನಾರ್ವೆಯೋರು ಪ್ರತಿ ವರ್ಷ ಬರ್ತಿದ್ರಾ?" ಎಂದಳು ಸಿಲ್ಕೆ.

"ವರ್ಷ ಏನು, ಬೇಸಿಗೆ ಪೂರ್ತಿ. ವಾರಕ್ಕೊಂದು ಸಲ ಅಂತೂ ಖಂಡಿತ."

"ವಾರವಾರ ಬೇರೆ ಬೇರೆ ಹಡಗು ಬರತ್ತಲ್ರೀ! ಒಬ್ಬರೇ ಎಲ್ಲದರಲ್ಲೂ ಹೇಗೆ ಇಳೀತಾರೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಗುಂಡುಲಾಗೆ ಹೊಳೆದೇ ಇರಲಿಲ್ಲ. "ನಾನೇನು ಕಂಡೆ? ದುಡ್ಡಿರೋರು, ಹತ್ತಿ ಇಳೀತಾನೇ ಇರ್ತಾರೆ ಅಂದ್ಕೊಂಡೆ."

ಹಸಿ ಈರುಳ್ಳಿ ತಿಂದರೆ ಎದೆಯುರಿ ಬರುವುದು ಹೈಡ್ರುನ್‌ಗೆ. ಈ ಹೆಂಗಸಿಗೆ ಅದು ಗೊತ್ತಿರಲು ಸಾಧ್ಯವೇ ಇಲ್ಲ. ಸೀಗ್ಮಾರ್ ಒಂದು ದಿನಕ್ಕೂ ಅವಳಿಗೆ ಮೀನು ಬನ್ ತಂದವನಲ್ಲ.

ಊವೆ ಗಂಟಲು ಸರಿಮಾಡಿಕೊಂಡ. ಅವನ ಕಿವಿ ಕೆಂಪಗಾಗಿತ್ತು.

"ಹೈಡ್ರುನ್, ಅದು... ತೋಟದ ಗುಡಿಸಲಲ್ಲಿ ಅವನದೊಂದು ಬಿಳಿ ಕೋಟು ಇತ್ತು."

"ಎಂಥ ಬಿಳಿ ಕೋಟು?"

"ತೆಳ್ಳಗಿನದು, ಬೇಸಿಗೇದು. ಒಂದು ಹುಲ್ಲಿನ ಟೋಪಿ. ಕತ್ತಿಗೆ ಹಾಕ್ಕೊಳ್ಳೋ ಕ್ಯಾಮೆರಾ. ಬೆಳಗ್ಗೆ ಬರ್ತಿದ್ದ, ಟೊಮೇಟೊಗೆ ನೀರು ಹಾಕ್ತಿದ್ದ, ಬಟ್ಟೆ ಬದಲಾಯಿಸ್ಕೊಂಡು ರೈಲು ಹಿಡೀತಿದ್ದ. ಸಂಜೆ ಬಂದು ಮತ್ತೆ ಹಳೇ ಪ್ಯಾಂಟು."

ಊವೆಯ ಬಾಡಿಗೆ ತೋಟ ಸೀಗ್ಮಾರನ ತೋಟದ ಪಕ್ಕದಲ್ಲೇ ಇತ್ತು, ನಡುವೆ ಒಂದು ಬೇಲಿ. ಬೇಸಿಗೆಯಲ್ಲಿ ಸೀಗ್ಮಾರ್ ವಾರಕ್ಕೊಂದೆರಡು ದಿನ ಬೆಳಗ್ಗೆ 'ತೋಟಕ್ಕೆ' ಎಂದು ಹೊರಟರೆ ಸಂಜೆಗೇ ಬರುತ್ತಿದ್ದುದು. ಅಷ್ಟು ದುಡಿದರೂ ಟೊಮೇಟೊ ಏಕೆ ಅಷ್ಟೇ ಅಷ್ಟು ಎಂದು ಹೈಡ್ರುನ್ ಕೇಳಿದರೆ, 'ಮಣ್ಣು ಸರಿಯಿಲ್ಲ' ಎನ್ನುತ್ತಿದ್ದ.

"ನೀನು ಕೇಳ್ಲಿಲ್ವಾ, ಎಲ್ಲಿಗೆ ಅಂತ?"

"ಕೇಳಿದೆ. 'ನೀನು ನಿನ್ನ ಆಲೂಗಡ್ಡೆ ನೋಡ್ಕೊ' ಅಂದ." ಊವೆ ನೆಲ ನೋಡಿದ. "ನಾನು... ಯಾರೋ ಹೆಂಗಸಿರಬೇಕು ಅಂತ ಸುಮ್ಮನಾದೆ."

"ನನ್ನ ತಮ್ಮ ಅಂಥೋನಲ್ಲ!" ಎಂದು ಫ್ರೀಡೆ ಕೂಗಿದಳು. ಕೂಡಲೇ ದನಿ ಇಳಿಸಿ, "ಈ ಹೆಂಗಸು ಹೆಂಡತಿ ಅಂದಳಲ್ಲ, ಯಾವ ಹೆಂಡತಿ?" ಎಂದಳು.

ಹೈಡ್ರುನ್‌ಳ ತಲೆಯೊಳಗೂ ಮಂಜೇ. ಗಂಡ ಸತ್ತು ಮೂರು ವಾರ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ, 'ಮಣ್ಣು ಬೇಡ, ನೀರು' ಎಂದು ಹಟ ಹಿಡಿದಿದ್ದ. ಇಬ್ಬರಿಗೂ ಆಗುವಂಥ ಜಾಗವನ್ನು ಸ್ಮಶಾನದಲ್ಲಿ ಅವಳು ಎಂದೋ ನೋಡಿಟ್ಟಿದ್ದಳು, ಲಿಂಡನ್ ಮರದ ಕೆಳಗೆ. 'ನಾನು ಎಲ್ಲಿಗೆ ಬಂದು ಹೂವಿಡಲಿ, ಸಮುದ್ರದ ಮೇಲಾ?' ಎಂದು ಕೇಳಿದ್ದಕ್ಕೆ ಅವನು ಗೋಡೆ ಕಡೆ ಮುಖ ಮಾಡಿದ್ದ. ಸಾಯುವವನ ಮಾತು ಎಂದು ಒಪ್ಪಿಕೊಂಡಿದ್ದಳು. ಒಪ್ಪಿದ್ದು ಯಾರ ಮಾತನ್ನು? ಬಿಳಿ ಕೋಟಿನವನದೋ, ಹಳೇ ಪ್ಯಾಂಟಿನವನದೋ?

ಅವಳು ಕಪ್ತಾನನ ಕಡೆ ತಿರುಗಿದಳು. "ಕುಡಿಕೆ ವಾಪಸ್ ಕೊಡಿ. ಇವತ್ತು ಬೇಡ."

"ಅಮ್ಮಾ!" ಎಂದಳು ಸಿಲ್ಕೆ.

ಕಪ್ತಾನ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಿಮ್ಮ ಕೈಗೆ ಕೊಡೋ ಹಾಗಿಲ್ಲಮ್ಮಾ, ಕಾನೂನು. ಸ್ಮಶಾನದೋರಿಗೆ ಬೇಕಾದ್ರೆ ತಲುಪಿಸ್ತೀನಿ. ಹೇಗೂ ಮಂಜಿದೆ. ಅದು ಏಳೋ ತನಕ ಯೋಚನೆ ಮಾಡಿ."

"ಅವ್ರು ಆ ಎರಡನೇ ಬನ್ ಎಲ್ಲಿಗೆ ಒಯ್ತಿದ್ರು?" ಎಂದು ಹೈಡ್ರುನ್ ಗುಂಡುಲಾಳನ್ನು ಕೇಳಿದಳು.

"ದೀಪಸ್ತಂಭದ ಕಡೆ. ಯಾವಾಗ್ಲೂ ಆ ಕಡೆಗೇ ಹೋಗ್ತಿದ್ರು."

"ನಾನೂ ಬರ್ತೀನಿ," ಎಂದು ಸಿಲ್ಕೆ ಕೈ ಹಿಡಿದಳು.

"ಬೇಡ. ಅತ್ತೆ ಹತ್ರ ಇರು. ಅವಳನ್ನು ಕೂರಿಸು." ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಹೈಡ್ರುನ್ ಜನರ ನಡುವೆ ನುಗ್ಗಿದಳು.

*

ಸೀಗ್ಮಾರ್ ನಿವೃತ್ತನಾದ ವರ್ಷ ಅವರು ಪ್ರವಾಸದ ಅಂಗಡಿಗೆ ಹೋಗಿದ್ದರು. ಸಿಲ್ಕೆಯ ಒತ್ತಾಯ. ಅಪ್ಪ ಅಮ್ಮ ಒಂದು ಸಲವಾದರೂ ಹಡಗಲ್ಲಿ ಹೋಗಿ ಬರಲಿ ಎಂದು ಅವಳೇ ಅರ್ಧ ಹಾಕುತ್ತೇನೆ ಎಂದಿದ್ದಳು. ಅಂಗಡಿಯ ಹುಡುಗಿ ನಾರ್ವೆಯ ಚಿತ್ರಗಳನ್ನು ಹರಡಿಟ್ಟಳು: ಓಸ್ಲೊ, ಬೆರ್ಗೆನ್, ಹಿಮದ ಬೆಟ್ಟಗಳ ನಡುವೆ ಹಾಯುವ ನೀರು. ಹಡಗಿನ ತುತ್ತತುದಿಯಲ್ಲಿ ಈಜುಕೊಳ.

ಹೈಡ್ರುನ್ ಚಿಕ್ಕಂದಿನಲ್ಲಿ ಈಜುಗಾರ್ತಿ, ಶಾಲೆಗೆ ಪದಕ ತಂದವಳು. ಕೊಳದ ಚಿತ್ರ ನೋಡಿದ ದಿನವೇ ಪೇಟೆಗೆ ಹೋಗಿ ಈಜುಡುಗೆ ಕೊಂಡುತಂದಳು. ಪಾಚಿಯ ಹಸಿರು, ಭುಜದ ಮೇಲೆ ಸಣ್ಣ ನೆರಿಗೆ. ಮನೆಯಲ್ಲಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಸೀಗ್ಮಾರ್ ಬಾಗಿಲಲ್ಲಿ ಬಂದು ನಿಂತ.

"ಹೇಗಿದೆ?" ಎಂದಳು.

ಅವನು ತುಂಬ ಹೊತ್ತು ನೋಡಿದ. ಆಮೇಲೆ, "ನಾನು ಬರಲ್ಲ ಹೈಡ್ರುನ್," ಎಂದ.

"ಎಲ್ಲಿಗೆ?"

"ಹಡಗಿಗೆ. ಅದೆಲ್ಲ ಹುಚ್ಚಾಟ. ಯಾರಿಗೆ ಬೇಕು?"

ಅವಳು ಅತ್ತಳು, ರೇಗಿದಳು, ಒಂದು ವಾರ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಬೀರು ಮಾತಾಡಲಿಲ್ಲ. ಈಜುಡುಗೆ ಬೆಲೆಚೀಟಿ ಸಮೇತ ಕೆಳಗಿನ ಡ್ರಾಯರಿಗೆ ಹೋಯಿತು.

*

ಕಾಲುವೆಯ ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಂಪು ಹಲಗೆಯನ್ನು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದ ಹುಡುಗಿಯೊಬ್ಬಳು ಎದುರಿನಿಂದ ಬಂದವಳೇ ಹೈಡ್ರುನ್‌ಳ ತೋಳು ಹಿಡಿದಳು.

"ಅಮ್ಮಾ, ಬರ್ಲಿನ್ ಬಸ್ಸು ಈ ಕಡೆ! ತಡವಾಗ್ತಿದೆ, ಬನ್ನಿ ಬನ್ನಿ!"

"ಇಲ್ಲ, ನಾನು ಬರ್ಲಿನ್‌ಗೆ ಹೋಗಲ್ಲ."

"ಟಿಕೆಟ್ ತಗೊಂಡಿಲ್ವಾ?"

"ಇಲ್ಲ. ನಾನು..." ಏನು ಹೇಳಬೇಕೆಂದು ತೋಚದೆ ಹೈಡ್ರುನ್ ಸುತ್ತಲೂ ನೋಡಿದಳು. "ನಾನೊಬ್ಬಳೇ ಇಲ್ಲೇ ನೋಡ್ಕೊಂಡು ಬರ್ತೀನಿ."

"ಆಯ್ತು ಆಯ್ತು, ಹುಷಾರು. ಹಡಗಿಗೆ ಟೈಮಿಗೆ ಸರಿಯಾಗಿ ಬನ್ನಿ!" ಎಂದು ಹುಡುಗಿ ತೋಳು ಬಿಟ್ಟು ಮಂಜಿನೊಳಗೆ ಹೋದಳು.

ಹೈಡ್ರುನ್ ಈ ದಾರಿಯಲ್ಲಿ ನೂರಾರು ಸಲ ಓಡಾಡಿದವಳು. ಲ್ಯುಟ್ಟನ್ ಕ್ಲೈನಿನ ಅವಳ ಫ್ಲ್ಯಾಟಿನಿಂದ ರೈಲಲ್ಲಿ ಬಂದರೆ ಇಲ್ಲಿಗೆ ನಾಲ್ಕು ಮಾತಾಡುವಷ್ಟು ಹೊತ್ತು. ಆದರೆ ಇವತ್ತು ಮನೆಗಳ ಮೇಲ್ಭಾಗವೇ ಇರಲಿಲ್ಲ. ಪರಿಚಯದ ಬೇಕರಿಯ ಬಾಗಿಲೆಂದು ತಿರುಗಿದರೆ ಅದು ಅಂಬರ್ ಕಲ್ಲಿನ ಸರ ಮಾರುವ ಅಂಗಡಿ. ಯಾರಾದರೂ ಪರಿಚಯದವರು ಸಿಕ್ಕರೆ ಸಾಕೆನ್ನಿಸಿತು. ಒಬ್ಬರೂ ಸಿಗಲಿಲ್ಲ. ಸೀಗ್ಮಾರ್‌ಗೂ ಹಾಗೇ, ಒಬ್ಬರೂ ಸಿಗುತ್ತಿರಲಿಲ್ಲವೇನೋ. ಅದಕ್ಕೇ ಬರುತ್ತಿದ್ದನೋ ಏನೋ.

ದೀಪಸ್ತಂಭದ ಬುಡದಲ್ಲಿ ಟಿಕೆಟ್ ಕೊಡುವ ಮೇಜಿನ ಹಿಂದೆ ದಪ್ಪಗಿನ ಮುದುಕನೊಬ್ಬ ಕೂತಿದ್ದ. ಹೈಡ್ರುನ್ ಫೋಟೋವನ್ನು ಮೇಜಿನ ಮೇಲಿಟ್ಟಳು.

"ಇವ್ರನ್ನ ನೋಡಿದೀರಾ?"

ಮುದುಕ ಕನ್ನಡಕವನ್ನು ಹಣೆಯಿಂದ ಇಳಿಸಿದ. ಫೋಟೋದ ಮೂಲೆಗಿದ್ದ ಕಪ್ಪು ಪಟ್ಟಿಯನ್ನು ಬೆರಳಿಂದ ಮುಟ್ಟಿದ. "ಅಯ್ಯೋ. ಹೋಗ್ಬಿಟ್ರಾ ಯಜಮಾನ್ರು? ಬೆರ್ಗೆನ್‌ನಲ್ಲೇ?"

"ಇಲ್ಲೇ."

"ಹಡಗಲ್ಲೇ ಅಂತೀರಾ? ಛೆ, ಛೆ. ಪಾಪ, ಆಕೆ ಒಬ್ಬರೇ ಆದ್ರಲ್ಲ."

"ಯಾರು ಆಕೆ?" ಹೈಡ್ರುನ್ ಮೇಜಿನ ಅಂಚನ್ನು ಹಿಡಿದುಕೊಂಡಳು. "ನೀವು ನೋಡಿದೀರಾ ಆಕೇನ?"

"ನೋಡಿಲ್ಲ. ಇಳೀತಿರ್ಲಿಲ್ಲವಂತೆ. ನಾನೂ ಕೇಳ್ತಿದ್ದೆ, ಕರ್ಕೊಂಡು ಬನ್ನಿ ಯಜಮಾನ್ರೇ, ಟಿಕೆಟ್ ಬೇಡ, ಪುಕ್ಕಟೆ ಹತ್ತಿಸ್ತೀನಿ ಅಂತ. 'ಇಲ್ಲ ಇಲ್ಲ. ಹೆಂಡತಿ, ಹಡಗು ಇಷ್ಟ. ಹೆಂಡತಿ ಈಜುವುದು' ಅನ್ನೋರು." ಮುದುಕ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ ನೀರನ್ನು ಸರಿಸುವಂತೆ ಮಾಡಿ ತೋರಿಸಿದ. "ಹೀಗೆ ಮಾಡಿ ತೋರಿಸೋರು. ಮೇಲುಗಡೆ ಈಜುಕೊಳ ಇದೆಯಂತಲ್ಲ, ಅದರಲ್ಲಿ ಬೆಳಗ್ಗಿಂದ ಸಂಜೆ ತನಕ. 'ಹಸಿರು ಬಟ್ಟೆ. ಬಹಳ ಚೆಂದ' ಅಂತ ಇಲ್ಲಿ ಭುಜ ಮುಟ್ಟಿ ತೋರಿಸೋರು. ಏನೋ ನೆರಿಗೆ ಇದೆ ಅಂತ ಹೇಳೋರು, ನಂಗೆ ಅರ್ಥ ಆಗ್ತಿರ್ಲಿಲ್ಲ."

ಹೈಡ್ರುನ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನೀವು ಅವ್ರ ಕಡೆಯೋರಾ?" ಎಂದ ಮುದುಕ.

"ಆಕೆ ಹೆಸರು ಹೇಳ್ತಿದ್ರಾ?"

"ಹ್ಞೂ, ಹೈಡ್ರುನ್. ನಾರ್ವೆಯಲ್ಲೂ ಈ ಹೆಸರಿದೆಯಾ ಅಂತ ಕೇಳಿದ್ದೆ. 'ನಾರ್ವೆಯಲ್ಲಿ ಒಬ್ಬಳೇ' ಅಂತ ನಕ್ಕಿದ್ರು."

"ನಕ್ರಾ?"

"ಏನು ಹಾಗೆ ಕೇಳ್ತೀರಾ? ತುಂಬ ನಗೋರು. ಒಳ್ಳೇ ಮಾತುಗಾರ ಮನುಷ್ಯ. ಮಾತು ಬರ್ದೇ ಇದ್ರೂ ಎಷ್ಟು ಮಾತಾಡೋರು!"

ಒಂದು ಜೋಡಿ ಬಂದು ಟಿಕೆಟ್ ಕೊಂಡು ಮೆಟ್ಟಿಲು ಹತ್ತಿತು. ಮುದುಕ ಮಂಜಲ್ಲಿ ಮೇಲೆ ಏನೂ ಕಾಣಲ್ಲ ಎಂದು ಹೇಳಿದ್ದು ಅವರಿಗೆ ತಿಳಿಯಲಿಲ್ಲ.

"ಆ ಎರಡನೇ ಬನ್," ಎಂದಳು ಹೈಡ್ರುನ್. "ಈರುಳ್ಳಿ ಇಲ್ಲದ್ದು. ಅದನ್ನೇನು ಮಾಡ್ತಿದ್ರು?"

ಮುದುಕನಿಗೆ ಸ್ವಲ್ಪ ನಾಚಿಕೆಯಾಯಿತು. "ಅದು ನಂಗೆ. 'ಹೆಂಡತಿ ಈಜುವುದು, ಬನ್ ಹಾಳಾಗುವುದು, ನೀವು ತಿನ್ನಿ' ಅಂತ ಕೊಡೋರು. ನಿಜ ಹೇಳ್ಬೇಕು ಅಂದ್ರೆ ಈರುಳ್ಳಿ ಇಲ್ದೆ ನಂಗೆ ಸೇರಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟಾಗ ಬೇಡ ಅನ್ನೋಕಾಗತ್ತಾ? ವರ್ಷಗಟ್ಟಲೆ ತಿಂದೆ."

ಹೈಡ್ರುನ್ ಅವನ ಹೊಟ್ಟೆ ನೋಡಿದಳು. ಅಂಗಿಯ ಗುಂಡಿಗಳನ್ನು ಎಳೆದು ನಿಂತಿದ್ದ ಆ ಹೊಟ್ಟೆಯೊಳಗೆ ತನ್ನ ಪಾಲಿನದೆಲ್ಲ ಹೋಗಿ ಸೇರಿದೆ.

"ನಾನೇ ಹೈಡ್ರುನ್," ಎಂದಳು. "ಲ್ಯುಟ್ಟನ್ ಕ್ಲೈನ್‌ನೋಳು."

ಮುದುಕ ಕನ್ನಡಕವನ್ನು ಮತ್ತೆ ಹಣೆಗೇರಿಸಿ, ಮತ್ತೆ ಇಳಿಸಿ, ಅವಳ ತಲೆಗೂದಲನ್ನೇ ನೋಡಿದ. ಅದು ಒದ್ದೆಯಾಗಿದೆಯೇ ಎಂದು ನೋಡುತ್ತಿರುವವನ ಹಾಗೆ.

"ಇವ್ರು ಪೈಪ್ ಫಿಟ್ಟರು," ಎಂದಳು ಹೈಡ್ರುನ್. "ಇಲ್ಲಿಯ ಹಡಗು ಕಾರ್ಖಾನೆಯಲ್ಲಿದ್ರು. ನಿಮ್ಮಷ್ಟೇ ಚೆನ್ನಾಗಿ ನಮ್ಮ ಮಾತು ಬರ್ತಿತ್ತು. ಆಡ್ತಿರ್ಲಿಲ್ಲ ಅಷ್ಟೆ."

ಮೋಸಹೋದವನ ಸಿಟ್ಟು ಮುದುಕನ ಮುಖದಲ್ಲಿ ಬಂತು, ನಿಲ್ಲಲಿಲ್ಲ, ಹೋಯಿತು.

"ಹಾಗಾದ್ರೆ ಯಾಕೆ ಕೇಳ್ತಿದ್ರು?" ಎಂದ ಕೊನೆಗೆ, ತನಗೇ ಕೇಳಿಕೊಳ್ಳುವಂತೆ. "ಮೇಲೆ ಹತ್ತಿ ಮೊದಲು ಹಡಗು ಇದೆಯಾ ಅಂತ ನೋಡೋರು. ಆಮೇಲೆ ಊರು. ಕೆಳಗೆ ಬಂದು ಪ್ರತಿಸಲ ಅದೇ ಪ್ರಶ್ನೆ. 'ಹಡಗು ಯಾವಾಗ ಹೊರಡುವುದು?' ನಾನು, ಸಂಜೆಗೆ ಯಜಮಾನ್ರೇ, ಆರಾಮಾಗಿ ನೋಡ್ಕೊಂಡು ಹೋಗಿ, ನಿಮ್ಮನ್ನು ಬಿಟ್ಟು ಹೋಗಲ್ಲ ಅಂತಿದ್ದೆ. ಅಷ್ಟು ಹೇಳಿದ್ರೆ ಸಾಕು, ಮುಖ ಅರಳೋದು ನೋಡ್ಬೇಕಿತ್ತು ನೀವು."

*

ಬರ್ಲಿನ್ ಗೋಡೆ ಬಿದ್ದು ಗಡಿ ತೆರೆದ ಮರುವರ್ಷದ ವಸಂತದಲ್ಲಿ ಊರಿಗೆ ಊರೇ ಡೆನ್ಮಾರ್ಕಿನ ದೋಣಿ ಹತ್ತಿತ್ತು. ಯಾರಿಗೂ ಅಲ್ಲಿ ಕೆಲಸವಿರಲಿಲ್ಲ. ಹೋಗಬಹುದು, ಅದಕ್ಕೆ ಹೋದರು. ಸೀಗ್ಮಾರ್ ಹೊಸ ಅಂಗಿ ಹಾಕಿಕೊಂಡಿದ್ದ. ಹರೆಯದಲ್ಲಿ ಅವನು ಹಡಗಿನ ಕೆಲಸಕ್ಕೆ ಅರ್ಜಿ ಹಾಕಿ, ಗಡಿಯಾಚೆ ಪಶ್ಚಿಮದ ಲ್ಯುಬೆಕ್‌ನಲ್ಲಿ ಚಿಕ್ಕಪ್ಪನಿದ್ದಾನೆಂಬ ಕಾರಣಕ್ಕೆ ಪರವಾನಗಿ ಸಿಗದೆ ಕಾರ್ಖಾನೆ ಸೇರಿದವನು. ಅವನು ಪೈಪು ಕೂಡಿಸಿದ ಹಡಗುಗಳು ಲೋಕವನ್ನೆಲ್ಲ ಸುತ್ತಿದವು. ಒಂದೊಂದೂ ನೀರಿಗಿಳಿಯುವ ಮೊದಲು ಅವನು ಏಣಿ ಇಳಿದು ಕೆಳಗೆ ಬಂದಿರುತ್ತಿದ್ದ.

ದೋಣಿಯ ಮುಂಭಾಗದಲ್ಲಿ ದಾರಿಯುದ್ದಕ್ಕೂ ಕಂಬಿ ಹಿಡಿದು ನಿಂತಿದ್ದ. ಆಚೆ ದಡದ ಗೆಡ್ಸರ್ ಬಂದಿತು. ಎಲ್ಲರೂ ಇಳಿದರು. ದಡದಲ್ಲಿ ಹಳದಿ ಮನೆಗಳ ಒಂದು ಬೀದಿ, ಬಾವುಟ, ಕಾಫಿ ಅಂಗಡಿ. ಸಿಲ್ಕೆ ಐಸ್‌ಕ್ರೀಮಿಗೆ ಓಡಿದಳು. ಸೀಗ್ಮಾರ್ ದೋಣಿ ನಿಲ್ದಾಣದ ಗಾಜಿನ ಬಾಗಿಲಿನವರೆಗೆ ಬಂದವನು ಅಲ್ಲೇ ನಿಂತ.

"ಬಾರೋ," ಎಂದಳು ಹೈಡ್ರುನ್. "ಕಾಫಿ ಕುಡಿದು ಬರೋಣ."

"ದೋಣಿ ಹೊರಟುಬಿಟ್ರೆ?"

"ಎಷ್ಟೊಂದು ಹೊತ್ತಿದೆ. ಬಾ."

"ನೀವು ಹೋಗಿ ಬನ್ನಿ."

ಅವರು ಹೋಗಿ ಬರುವ ತನಕ ಅವನು ಆ ಗಾಜಿನ ಹಿಂದೆಯೇ ಇದ್ದ, ಒಂದು ಕಣ್ಣು ದೋಣಿಯ ಮೇಲೆ, ಒಂದು ಕಣ್ಣು ಬೀದಿಯ ಮೇಲೆ. ಅಂಗಿಯ ಬೆನ್ನು ಬೆವರಿನಿಂದ ಅಂಟಿಹೋಗಿತ್ತು. ನೌಕರರಲ್ಲಿ ಸಿಕ್ಕಸಿಕ್ಕವರನ್ನು ಯಾವಾಗ ಹೊರಡುತ್ತೆ ಎಂದು ಕೇಳಿದನಂತೆ. ಅವರು ಡೇನಿಷ್‌ನಲ್ಲಿ ಏನೋ ಹೇಳಿದರಂತೆ. ವಾಪಸ್ ಬರುವಾಗ ಅವನು ಒಂದೇ ಒಂದು ಮಾತಾಡಿದ: "ಆ ಬೀದಿ ಕೊನೇಲಿ ಏನಿತ್ತು?"

"ಏನಿಲ್ಲ, ಇನ್ನೊಂದು ಬೀದಿ," ಎಂದಿದ್ದಳು ಹೈಡ್ರುನ್.

*

ಮಂಜು ಏಳತೊಡಗಿದಾಗ ಅವಳು ಕಾಲುವೆಗೆ ಮರಳಿದಳು. ಮೊದಲು ಮನೆಗಳ ಮಾಡುಗಳು ಬಂದವು, ಆಮೇಲೆ ದೋಣಿಗಳ ಕಂಬ. ಕೊನೆಗೆ ನಿಲ್ದಾಣದ ಹಿಂದೆ ಆ ದೊಡ್ಡ ಹಡಗು ಮಹಡಿ ಮಹಡಿಯಾಗಿ ಮೇಲೆದ್ದು ಬಿಳಿಯ ಗುಡ್ಡದಂತೆ ನಿಂತಿತು. ತುದಿಯಲ್ಲಿ ಈಜುಕೊಳ ಇರಬಹುದು. ಕೆಳಗಿನಿಂದ ಕಾಣುವುದಿಲ್ಲ. ಅವಳು ಕತ್ತು ನೋಯುವಷ್ಟು ನೋಡಿದಳು.

ಎಲ್ಲ ತಿಳಿಯಿತು, ಏನೂ ತಿಳಿಯಲಿಲ್ಲ. ತಾನು ಬಾ ಎಂದು ಗೋಗರೆದಾಗ ಬರದವನು, ತನ್ನನ್ನು ಹಡಗಿನ ತುದಿಯಲ್ಲಿ ವರ್ಷಗಟ್ಟಲೆ ಈಜಲು ಬಿಟ್ಟಿದ್ದನಲ್ಲ! ಅವನೇನು ತನ್ನನ್ನು ಪ್ರೀತಿಸಿದನೋ, ಗೇಲಿ ಮಾಡಿದನೋ? ಮನೆಯಲ್ಲಿ ಅವಳೊಂದಿಗೆ ಹವಾಮಾನದ ಬಗ್ಗೆಯೂ ಆಡದವನು, ಟಿಕೆಟ್ ಕೊಡುವ ಮುದುಕನಿಗೆ ಭುಜದ ನೆರಿಗೆಯ ಬಗ್ಗೆ ಹೇಳಿದ್ದ. ಆ ಮಾತು ಬಾಗಿಲಲ್ಲಿ ನಿಂತ ದಿನ ಹೇಳಬಹುದಿತ್ತು. ಎರಡೇ ಶಬ್ದ. ಬಹಳ ಚೆಂದ. ಅಷ್ಟು ಹೇಳಿದ್ದರೆ ಅವಳು ಹಡಗನ್ನೇ ಮರೆತುಬಿಡುತ್ತಿದ್ದಳು.

ದೋಣಿಯ ಹತ್ತಿರ ಸಿಲ್ಕೆ ಓಡಿ ಬಂದಳು. "ಏನಾಯ್ತಮ್ಮಾ? ಹೆಂಗಸು ಇದ್ದಳಾ?"

"ಇದ್ದಳು."

ಫ್ರೀಡೆ ಬೆಂಚಿನಿಂದ ಎದ್ದಳು. "ಯಾರವಳು?"

"ಹಡಗಲ್ಲಿ ಇರ್ತಿದ್ದಳಂತೆ. ಹಸಿರು ಈಜುಡುಗೆ ಹಾಕ್ಕೊಂಡು ದಿನಾ ಪೂರ್ತಿ ಈಜುಕೊಳದಲ್ಲಿ ಬಿದ್ದಿರ್ತಿದ್ದಳಂತೆ."

"ಥೂ, ನಾಚಿಕೆಗೆಟ್ಟೋಳು!" ಎಂದಳು ಫ್ರೀಡೆ. "ನಡಿ ಹೈಡ್ರುನ್, ಇವನನ್ನ ಮಣ್ಣಿಗೇ ಹಾಕೋಣ. ಅವಳಿದ್ದ ನೀರಿಗೆ ಯಾಕೆ ಕೊಡ್ತೀಯಾ?"

ಸಿಲ್ಕೆ ಮಾತ್ರ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಕೆಳಗಿನ ಡ್ರಾಯರು ಅವಳಿಗೂ ಗೊತ್ತಿತ್ತು. ನಿಧಾನವಾಗಿ ಅವಳ ಕೈ ಬಾಯಿಗೆ ಹೋಯಿತು.

"ಅಮ್ಮಾ..." ಎಂದಳು.

"ಆಮೇಲೆ ಹೇಳ್ತೀನಿ." ಹೈಡ್ರುನ್ ಕಪ್ತಾನನ ಕಡೆ ನೋಡಿದಳು. "ಮಂಜು ಎದ್ದಿದೆಯಲ್ಲ? ಹೊರಡಿ."

ಗುಂಡುಲಾ ತನ್ನ ಕಿಂಡಿ ಮುಚ್ಚಿ ಬಂದು ಹಲಗೆಯ ಬುಡದಲ್ಲಿ ಹಿಂಜರಿಯುತ್ತ ನಿಂತಿದ್ದಳು. ಏಪ್ರನ್ ಬಿಚ್ಚಿ ಮಡಚಿ ಹಿಡಿದುಕೊಂಡಿದ್ದಳು.

"ನೀವೂ ಬನ್ನಿ," ಎಂದಳು ಹೈಡ್ರುನ್. "ನಿಮಗೆ ನಮಗಿಂತ ಚೆನ್ನಾಗಿ ಪರಿಚಯ."

ಅಲೆತಡೆ ದಾಟಿದ ಮೇಲೆ ಗಾಳಿ ತಣ್ಣಗಿತ್ತು. ದಡ ಒಂದು ಗೆರೆಯಾದಾಗ ಕಪ್ತಾನ ಯಂತ್ರ ನಿಲ್ಲಿಸಿದ. ಟೋಪಿ ತೆಗೆದು ಸೀಗ್ಮಾರ್ ಪ್ರೇನ್ ಎಂದು ಪೂರ್ತಿ ಹೆಸರು ಹೇಳಿದ, ಕೊನೆಯ ಬಂದರಿನ ಬಗ್ಗೆ ನಾಲ್ಕು ಮಾತಾಡಿದ. ಎಲ್ಲರಿಗೂ ಹೇಳುವ ಮಾತು ಎಂದು ಗೊತ್ತಾಗುತ್ತಿತ್ತು. ಗುಂಡುಲಾ ಗಟ್ಟಿಯಾಗಿ ಅತ್ತಳು. ಊವೆ ಟೋಪಿಯನ್ನು ಹಿಂಡುತ್ತಿದ್ದ. ಗಂಟೆ ಬಾರಿಸಿದರು. ಹಗ್ಗದಲ್ಲಿ ಕಟ್ಟಿದ ಕುಡಿಕೆ ಕಂಬಿಯಾಚೆ ಇಳಿದು, ಒಂದು ಗಳಿಗೆ ತೇಲಿ, ವಾಲಿ, ಹಸಿರು ನೀರಿನೊಳಗೆ ಹೋಯಿತು. ಹೂವಿನ ಬಳೆ ಮೇಲೆ ಉಳಿಯಿತು.

ಹೈಡ್ರುನ್ ಕಂಬಿಯ ಮೇಲೆ ಬಗ್ಗಿದಳು. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದೆಲ್ಲ ಜಗಳವೇ. ಇಷ್ಟೆಲ್ಲ ಹೇಳಿಕೊಂಡು ತಿರುಗಿದವನು ಆ ಕೊಳದ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ, ಅದನ್ನಾದರೂ ಈಜಿದವಳಿಗೆ ಹೇಳಬಾರದಿತ್ತೇ? ದೋಣಿ ಹೂವಿನ ಸುತ್ತ ಒಂದು ಸುತ್ತು ಬಂದು ದಡದ ಕಡೆ ತಿರುಗಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಸಿಲ್ಕೆ ಕರವಸ್ತ್ರ ಕೊಟ್ಟಳು.

ಕಾಲುವೆಯ ದಡದಲ್ಲಿ ದೋಣಿಗಾಗಿ ಜನ ಸಾಲು ನಿಂತಿದ್ದರು. ಇದೇ ದೋಣಿ ಮಧ್ಯಾಹ್ನ ಪ್ರವಾಸಿಗರಿಗೆ ಬಂದರು ಸುತ್ತಿಸಲು ಹೋಗುತ್ತದೆ. ಕೆಲಸದವನು ಅರ್ಧಕ್ಕಿಳಿಸಿದ್ದ ಬಾವುಟವನ್ನು ತುದಿಗೇರಿಸಿದ, ಕ್ಯಾಬಿನ್ನಿನ ಮೇಜಿನ ಮೇಲಿದ್ದ ಕಪ್ಪು ಬಟ್ಟೆಯನ್ನು ಎಳೆದು ಮಡಚಿದ. ಫ್ರೀಡೆ, ಊವೆ, ಗುಂಡುಲಾ, ಸಿಲ್ಕೆ ಇಳಿದರು. ಹೋಟೆಲಿನಲ್ಲಿ ಕಾಫಿ, ಸಕ್ಕರೆ ಕೇಕು ಕಾಯುತ್ತಿತ್ತು. ಚೀಟಿ ಅಂಟಿಸಿಕೊಂಡ ಜನ ನುಗ್ಗಿ ಬಂದು ಬೆಂಚು ಹಿಡಿದರು.

"ಅಮ್ಮಾ, ಇಳಿ!" ಎಂದು ಸಿಲ್ಕೆ ದಡದಿಂದ ಕೂಗಿದಳು.

"ನೀವು ಹೋಗಿ ಕುಡೀರಿ. ಬರ್ತೀನಿ."

"ಎಲ್ಲಿಗೆ ಹೋಗ್ತೀಯಾ?"

ಹೈಡ್ರುನ್‌ಗೂ ಗೊತ್ತಿರಲಿಲ್ಲ. ಹಲಗೆ ಎಳೆದುಕೊಂಡರು. ದೋಣಿ ಅಲುಗಿತು.

ಪಕ್ಕದಲ್ಲಿ ಕೂತ ಹೆಂಗಸು, ಅವಳದೇ ವಯಸ್ಸಿನವಳು, ಮೊಣಕಾಲ ಮೇಲೆ ನಕ್ಷೆ ಹರಡಿಕೊಂಡು ಅವಳ ಕಡೆ ನೋಡಿ ನಕ್ಕಳು. ಶಬ್ದ ಹುಡುಕಿ ಹುಡುಕಿ ಕೇಳಿದಳು: "ಇಲ್ಲಿ... ನೀವು... ಮೊದಲನೇ ಸಲ?"

ಹೈಡ್ರುನ್ ಸ್ವಲ್ಪ ಯೋಚಿಸಿ ಹೌದೆಂದು ತಲೆಯಾಡಿಸಿದಳು. ಹೆಂಗಸು ಖುಷಿಯಾಗಿ ನಕ್ಷೆಯ ಅರ್ಧವನ್ನು ಅವಳ ಮಡಿಲಿಗೆ ಸರಿಸಿದಳು.

ಬಿಸಿಲು ಬಂದಿತ್ತು. ಕಪ್ತಾನ ಬೇರೆಯೇ ದನಿಯಲ್ಲಿ, ಉತ್ಸಾಹದಲ್ಲಿ, ಧ್ವನಿವರ್ಧಕದೊಳಗೆ ಮಾತಾಡುತ್ತಿದ್ದ. "ಈಗ ಬಲಗಡೆ ನೋಡಿ, ಮಹನೀಯರೇ, ನಮ್ಮ ಹಡಗು ಕಾರ್ಖಾನೆ!" ಬೆಂಚುಗಳ ಮೇಲಿನ ತಲೆಗಳೆಲ್ಲ ಒಟ್ಟಿಗೆ ಬಲಕ್ಕೆ ತಿರುಗಿದವು. ಕಪ್ಪು ಬಟ್ಟೆಯ ಹೈಡ್ರುನ್ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಅಲ್ಲಿ ಏನಿರಬಹುದೆಂದು ಅವರೆಲ್ಲರ ಜೊತೆ ನೋಡಿದಳು.